ಖಾಲಿ ನೋಡ್ ಕೂಡ ‘ಪಾಂಗ್’ ಅನ್ನುತ್ತದೆ

2022ರ ಫೆಬ್ರುವರಿ 22, ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಆರು ದಾಟಿತ್ತು. ನ್ಯೂಯಾರ್ಕಿನಲ್ಲಿ ಒಂಬತ್ತು, ಅಂದರೆ ಜನ ಕಚೇರಿ ಸೇರಿ ಲ್ಯಾಪ್‌ಟಾಪ್ ತೆರೆಯುವ ಹೊತ್ತು. ಭಾರತದಲ್ಲಿ ಸಂಜೆ ಏಳೂವರೆ. ಕಚೇರಿಗಳ ಒಳಮಾತುಕತೆಗೆ ಜಗತ್ತಿನ ತುಂಬ ಬಳಸುವ ಸ್ಲಾಕ್ ಅಂದು ಅನೇಕರಿಗೆ ತೆರೆಯಲೇ ಇಲ್ಲ. ಆಗಲೇ ಒಳಗಿದ್ದವರ ಕೆಲಸ ಬಹುಮಟ್ಟಿಗೆ ನಡೆಯುತ್ತಿತ್ತು, ಹೊಸದಾಗಿ ಬಾಗಿಲು ತಟ್ಟಿದವರು ಹೊರಗೇ ನಿಂತರು. ಕೇಬಲ್ ತುಂಡಾಗಿರಲಿಲ್ಲ, ಡಿಸ್ಕ್ ಸುಟ್ಟಿರಲಿಲ್ಲ, ಯಾರೂ ಕನ್ನ ಹಾಕಿರಲಿಲ್ಲ. ಕಂಪನಿಯ ಎಂಜಿನಿಯರುಗಳೇ ನಂತರ ಬರೆದು ಪ್ರಕಟಿಸಿದ ವಿವರದ ಪ್ರಕಾರ, ನಡೆಯುತ್ತಿದ್ದದ್ದು ಒಂದು ಮಾಮೂಲಿ ಅಪ್‌ಗ್ರೇಡ್.

ಆ ಅಪ್‌ಗ್ರೇಡಿನ ಹಾದಿಯಲ್ಲಿ ಕ್ಯಾಶ್ ನೋಡ್‌ಗಳು ಒಂದೊಂದಾಗಿ ಸಾಲಿನಿಂದ ಹೊರಹೋಗಿ ಮರಳಿ ಬಂದವು. ಅಷ್ಟೇ ಸಾಕಾಯಿತು.

ಕ್ಯಾಶ್ ಎಂದರೆ ಇಲ್ಲಿ ದುಡ್ಡಲ್ಲ. ಉಚ್ಚಾರ ಒಂದೇ ಆದ್ದರಿಂದ ಲೆಕ್ಕಪತ್ರ ವಿಭಾಗದವರ ಮುಂದೆ ‘ಕ್ಯಾಶ್ ಖಾಲಿಯಾಯಿತು’ ಎನ್ನುವ ಎಂಜಿನಿಯರ್ ಎರಡು ಸಲ ಯೋಚಿಸಬೇಕಾಗುತ್ತದೆ. ಕಿರಾಣಿ ಅಂಗಡಿಯವನು ಸಕ್ಕರೆ, ರವೆ, ತೊಗರಿಬೇಳೆಯನ್ನು ಕೈಗೆಟುಕುವ ಹಲಗೆಯ ಮೇಲಿಟ್ಟುಕೊಳ್ಳುತ್ತಾನೆ, ಮೂಟೆಗಳು ಹಿಂದಿನ ಗೋದಾಮಿನಲ್ಲಿರುತ್ತವೆ. ಗಿರಾಕಿ ಕೇಳಿದ ಪ್ರತಿ ಸಲ ಗೋದಾಮಿಗೆ ಹೋದರೆ ಅಂಗಡಿ ನಡೆಯದು. ಗೋದಾಮು ಡೇಟಾಬೇಸ್, ಹಲಗೆ ಕ್ಯಾಶ್. ದೊಡ್ಡ ಕಂಪನಿಯಲ್ಲಿ ಇಂಥ ಹಲಗೆ ಒಂದಲ್ಲ, ಹತ್ತಾರು ನೂರಾರು ಯಂತ್ರಗಳ ನೆನಪಿನಲ್ಲಿ ಹಂಚಿಕೊಂಡಿರುತ್ತದೆ. ಆ ಒಂದೊಂದು ಯಂತ್ರವೇ ನೋಡ್, ಒಟ್ಟು ಸೇರಿ ಕ್ಲಸ್ಟರ್. 2003ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಲೈವ್‌ಜರ್ನಲ್ ತಾಣಕ್ಕಾಗಿ ಮೆಮ್‌ಕ್ಯಾಶ್‌ಡಿ ಬರೆದಾಗ, ಹಲವು ಸರ್ವರ್‌ಗಳಲ್ಲಿ ಸುಮ್ಮನೆ ಬಿದ್ದಿದ್ದ ಮೆಮೊರಿಯನ್ನು ಒಟ್ಟುಗೂಡಿಸಿ ಡೇಟಾಬೇಸಿನ ಹೊರೆ ಇಳಿಸುವುದು ಅದರ ಕೆಲಸವಾಗಿತ್ತು. ಹೋದರೆ ಹೋಯಿತು, ಮತ್ತೆ ತುಂಬಿಕೊಂಡರಾಯಿತು ಎಂಬ ಧೋರಣೆ ಅಂದು ಸರಿಯೇ ಇತ್ತು.

ಆ ಧೋರಣೆ ಇಂದಿಗೂ ಹಾಗೇ ಉಳಿದುಕೊಂಡಿರುವುದೇ ತೊಂದರೆ. ‘ಬರೀ ಕ್ಯಾಶ್ ತಾನೇ, ರೀಸ್ಟಾರ್ಟ್ ಮಾಡಿ’ ಎಂಬ ಮಾತು ಪುಣೆಯಿಂದ ಹೈದರಾಬಾದಿನವರೆಗೆ ಎಲ್ಲ ಸಪೋರ್ಟ್ ಕೋಣೆಗಳಲ್ಲೂ ಕೇಳುತ್ತದೆ. ಕ್ಯಾಶ್‌ನಲ್ಲಿರುವುದು ಕೇವಲ ನಕಲು, ಕಳೆದರೆ ಮೂಲ ಎಲ್ಲೂ ಹೋಗುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ತರ್ಕದಲ್ಲಿ ತಪ್ಪಿಲ್ಲ, ಆದರೆ ಪ್ರಶ್ನೆಯೇ ಬೇರೆ. ನೋಡನ್ನು ಜೋಪಾನವಾಗಿ ನಿಲ್ಲಿಸುವುದು ಅದರೊಳಗಿನ ಮಾಹಿತಿಯನ್ನು ಉಳಿಸಲಿಕ್ಕೆ ಮಾತ್ರವಲ್ಲ, ಅದರ ಬೆನ್ನ ಹಿಂದೆ ನಿಂತಿರುವ ಡೇಟಾಬೇಸನ್ನು ಉಳಿಸಲಿಕ್ಕೆ.

ಒಂದು ಸಣ್ಣ ಲೆಕ್ಕ. ಸೆಕೆಂಡಿಗೆ 1,00,000 ಕೋರಿಕೆ, ಹತ್ತು ನೋಡ್‌ಗಳು. ನೂರರಲ್ಲಿ 99 ಕೋರಿಕೆಗೆ ಕ್ಯಾಶ್ ಉತ್ತರ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಡೇಟಾಬೇಸಿಗೆ ಮುಟ್ಟುವುದು ಸೆಕೆಂಡಿಗೆ 1,000. ಈಗ ಒಂದು ನೋಡ್ ಖಾಲಿಯಾಗಲಿ. ಅದರ ಪಾಲಿನ 10,000 ಕೋರಿಕೆಗಳು ಸೀದಾ ಹಿಂದಕ್ಕೆ ಹೋಗುತ್ತವೆ, ಮಿಕ್ಕ ಒಂಬತ್ತರಿಂದ 900. ಒಟ್ಟು 10,900. ಹತ್ತರಲ್ಲಿ ಒಂದು ನೋಡ್ ಹೋದದ್ದಕ್ಕೆ ಡೇಟಾಬೇಸಿನ ಹೊರೆ ಹೆಚ್ಚುಕಡಿಮೆ ಹನ್ನೊಂದು ಪಟ್ಟು. ಇದೇ ಕ್ಯಾಶ್ ನೂರಕ್ಕೆ 90ಕ್ಕೆ ಮಾತ್ರ ಉತ್ತರ ಕೊಡುವ ಮಟ್ಟದ್ದಾಗಿದ್ದರೆ ಹೊರೆ 10,000ದಿಂದ 19,000ಕ್ಕೆ ಏರುತ್ತಿತ್ತು, ಎರಡು ಪಟ್ಟೂ ಅಲ್ಲ. ಕ್ಯಾಶ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ಅದರ ಗೈರುಹಾಜರಿ ಅಷ್ಟು ದುಬಾರಿ. ತಿಂಗಳ ವರದಿಯಲ್ಲಿ ‘ಹಿಟ್ ರೇಟ್ 99’ ಎಂದು ಹಸಿರು ಬಣ್ಣದಲ್ಲಿ ತೋರಿಸುವವರು ಪಕ್ಕದಲ್ಲೇ ಈ ಹನ್ನೊಂದನ್ನು ಬರೆಯುವುದಿಲ್ಲ.

ಇದೂ ಸಹ ಕೀಗಳನ್ನು ಹಂಚುವ ವಿಧಾನ ಒಳ್ಳೆಯದಿದ್ದಾಗಿನ ಲೆಕ್ಕ. ನೋಡ್‌ಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡಿ ಹಂಚುವ ಸರಳ ವಿಧಾನವಿದ್ದರೆ, ಹತ್ತು ಒಂಬತ್ತಾದ ಕೂಡಲೇ ಹತ್ತರಲ್ಲಿ ಒಂಬತ್ತು ಪಾಲು ಕೀಗಳ ವಿಳಾಸವೇ ಬದಲಾಗಿಬಿಡುತ್ತದೆ. ಒಂದನ್ನು ನಿಲ್ಲಿಸಿದ್ದು, ಖಾಲಿಯಾದಂತೆ ಕಂಡದ್ದು ಇಡೀ ಕ್ಲಸ್ಟರ್. ಇದಕ್ಕೆ ಉತ್ತರವಾಗಿ ಕನ್ಸಿಸ್ಟೆಂಟ್ ಹ್ಯಾಶಿಂಗ್ ಎಂಬ ವಿಧಾನ 1997ರಲ್ಲೇ ಪ್ರಕಟವಾಗಿದೆ. ಅದರಲ್ಲಿ ಹೋದ ನೋಡಿನ ಪಾಲು ಮಾತ್ರ ಜಾಗ ಬದಲಿಸುತ್ತದೆ. ಆದರೂ ಯಾವುದೋ ಹಳೆಯ ಕ್ಲೈಂಟ್ ಲೈಬ್ರರಿಯಲ್ಲಿ ಶೇಷದ ಲೆಕ್ಕ ಇನ್ನೂ ಉಸಿರಾಡುತ್ತಿರುತ್ತದೆ, ಮೊದಲ ನೋಡ್ ನಿಲ್ಲಿಸಿದ ದಿನವೇ ಅದು ಗೊತ್ತಾಗುವುದು.

ಈಗ ಸ್ಲಾಕ್‌ಗೆ ಮರಳಬಹುದು. ಅಂದು ಬದಲಾಗುತ್ತಿದ್ದದ್ದು ಕ್ಯಾಶ್ ಅಲ್ಲವೇ ಅಲ್ಲ. ಪ್ರತಿ ಯಂತ್ರದಲ್ಲೂ ಕೂತು ‘ಈ ಯಂತ್ರ ಬದುಕಿದೆ’ ಎಂದು ಹಾಜರಿ ಹಾಕುವ ಕಾನ್ಸಲ್ ಎಂಬ ಏಜೆಂಟನ್ನು ಬದಲಿಸಲಾಗುತ್ತಿತ್ತು. ಏಜೆಂಟ್ ನಿಂತು ಶುರುವಾಗುವ ಗಳಿಗೆಯಲ್ಲಿ ಆ ನೋಡ್ ಗೈರುಹಾಜರು. ಅದನ್ನು ಕಂಡ ನಿಯಂತ್ರಣ ತಂತ್ರಾಂಶ ತಕ್ಷಣ ಆ ಜಾಗಕ್ಕೆ ಬದಲಿ ನೋಡನ್ನು ಕೂರಿಸಿತು. ಬದಲಿ ಬಂದದ್ದು ಖಾಲಿ. ಮೂಲದ ನೋಡ್ ಮರಳಿದಾಗ ಅದರಲ್ಲಿ ಹಳಸಿದ ಮಾಹಿತಿ ಉಳಿದಿರಬಾರದೆಂದು ಅದನ್ನೂ ತೊಳೆದು ಖಾಲಿ ಮಾಡಲಾಯಿತು. ಒಂದು ಯಂತ್ರ ನಿಜವಾಗಿ ಸತ್ತಾಗ ಇದು ಅಚ್ಚುಕಟ್ಟಾದ ಏರ್ಪಾಟು. ಸಾಲಿನಲ್ಲಿ ಒಂದರ ಹಿಂದೆ ಒಂದು ಹೀಗಾದಾಗ, ಅದೂ ದಿನದ ಅತಿ ಹೆಚ್ಚಿನ ದಟ್ಟಣೆಯ ಹೊತ್ತಿನಲ್ಲಿ, ಹಲಗೆಗಳು ತುಂಬುವುದಕ್ಕಿಂತ ಬೇಗ ಬರಿದಾದವು. ಇದೇ ಅಪ್‌ಗ್ರೇಡಿನ ಹಿಂದಿನ ಹಂತ ಯಾವ ಸದ್ದೂ ಇಲ್ಲದೆ ಮುಗಿದಿತ್ತು ಎಂಬುದನ್ನು ಗಮನಿಸಬೇಕು. ಒಮ್ಮೆ ಸುಸೂತ್ರವಾಗಿ ಮುಗಿದದ್ದು ಇನ್ನೊಮ್ಮೆಗೆ ಜಾಮೀನಾಗಲಿಲ್ಲ.

ಕೆಟ್ಟದ್ದು ಅಲ್ಲಿಂದ ಮುಂದೆ ಶುರುವಾಯಿತು. ಹೊರೆ ಹೆಚ್ಚಾದ ಡೇಟಾಬೇಸ್ ಸಮಯಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಬಾರದಿದ್ದರೆ ಕ್ಯಾಶ್‌ಗೆ ತುಂಬಲು ಏನೂ ಇರುವುದಿಲ್ಲ. ಕ್ಯಾಶ್ ತುಂಬದಿದ್ದರೆ ಮುಂದಿನ ಕೋರಿಕೆಯೂ ಡೇಟಾಬೇಸಿಗೇ ಹೋಗುತ್ತದೆ. ರೀಸ್ಟಾರ್ಟ್‌ಗಳನ್ನು ನಿಲ್ಲಿಸಿದರೂ ಈ ಸುಳಿ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಕಾರಣ ಹೋದ ಮೇಲೂ ರೋಗ ಉಳಿಯುವ ಇಂಥ ಸ್ಥಿತಿಗೆ ಸಂಶೋಧಕರು ಮೆಟಾಸ್ಟೇಬಲ್ ವೈಫಲ್ಯ ಎಂದು ಹೆಸರಿಟ್ಟಿದ್ದಾರೆ. ಸ್ಲಾಕ್ ಎಂಜಿನಿಯರುಗಳು ಹೊಸದಾಗಿ ಬಾಗಿಲು ತಟ್ಟುವವರ ಸಂಖ್ಯೆಗೆ ಮಿತಿ ಹಾಕಿದರು, ಅತಿ ಭಾರವಾದ ಒಂದು ಕ್ವೆರಿಯನ್ನು ಕ್ಯಾಶ್‌ನಲ್ಲಿ ಇಲ್ಲದ್ದನ್ನಷ್ಟೇ ಡೇಟಾಬೇಸಿಗೆ ಕೇಳುವಂತೆ ತಿದ್ದಿದರು, ಆಮೇಲೆ ಮಿತಿಯನ್ನು ಹಂತಹಂತವಾಗಿ ಸಡಿಲಿಸಿದರು. 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್‌ಗೆ ಅದೂ ಸಾಲಲಿಲ್ಲ. ಅಂದು ಒಂದು ತಪ್ಪು ಸಂರಚನಾ ಮೌಲ್ಯವನ್ನು ಸರಿಪಡಿಸಲು ಹೋದ ಸ್ವಯಂಚಾಲಿತ ವ್ಯವಸ್ಥೆ ಡೇಟಾಬೇಸಿನ ಮೇಲೆ ಮುಗಿಬಿದ್ದಿತು. ಡೇಟಾಬೇಸ್ ಕೊಟ್ಟ ದೋಷ ಸಂದೇಶವನ್ನೂ ತಪ್ಪು ಮೌಲ್ಯವೆಂದು ಬಗೆದು ಕ್ಯಾಶ್‌ನ ಕೀಯನ್ನು ಅಳಿಸುತ್ತ ಹೋಯಿತು. ಸುಳಿಯಿಂದ ಹೊರಬರಲು ಇಡೀ ತಾಣವನ್ನೇ ಮುಚ್ಚಬೇಕಾಯಿತು. ಸುಮಾರು ಎರಡೂವರೆ ಗಂಟೆ.

ಈ ಕಥೆಗಳು ಗೊತ್ತಿರುವವರು ಕೂಡ ‘ನಮ್ಮದು ಕುಬರ್ನೆಟಿಸ್, ಅದೇ ಒಂದೊಂದಾಗಿ ರೀಸ್ಟಾರ್ಟ್ ಮಾಡುತ್ತದೆ’ ಎಂದು ನಿಶ್ಚಿಂತರಾಗಿರುತ್ತಾರೆ. ಒಂದೊಂದಾಗಿ ಮಾಡುತ್ತದೆ, ನಿಜ. ಒಂದು ನೋಡ್ ಸಿದ್ಧವಾದ ಮೇಲೆಯೇ ಮುಂದಿನದನ್ನು ಮುಟ್ಟುತ್ತದೆ, ಅದೂ ನಿಜ. ಆದರೆ ಸಿದ್ಧವಾಗಿದೆಯೆಂದು ಅದು ತಿಳಿಯುವುದು ಹೇಗೆ? ಸಾಮಾನ್ಯವಾಗಿ ರೆಡಿಸ್‌ಗೆ ‘ಪಿಂಗ್’ ಎಂದು ಕೂಗಿ, ‘ಪಾಂಗ್’ ಎಂದು ಓಗೊಟ್ಟರೆ ಹಾಜರಿ ಹಾಕಿಕೊಳ್ಳುತ್ತದೆ. ಈಗಷ್ಟೇ ಹುಟ್ಟಿದ, ಒಳಗೆ ಒಂದು ಕೀಯೂ ಇಲ್ಲದ ನೋಡ್ ಎಲ್ಲರಿಗಿಂತ ಚುರುಕಾಗಿ ಪಾಂಗ್ ಅನ್ನುತ್ತದೆ, ಬೇರೆ ಕೆಲಸವಿಲ್ಲವಲ್ಲ. ಹೀಗೆ ಹತ್ತು ನೋಡ್‌ಗಳು ನಾಲ್ಕೈದು ನಿಮಿಷದಲ್ಲಿ ಶಿಸ್ತಾಗಿ ಒಂದೊಂದಾಗಿ ಖಾಲಿಯಾಗುತ್ತವೆ. ಪರದೆಯ ಮೇಲೆ ಎಲ್ಲವೂ ಹಸಿರು.

ಈ ನಾಲ್ಕೈದು ನಿಮಿಷಕ್ಕೆ ಎದುರಾಗಿ ಇಡಬೇಕಾದ ಅಂಕಿಯೊಂದಿದೆ. ಫೇಸ್‌ಬುಕ್ ತನ್ನ ಮೆಮ್‌ಕ್ಯಾಶ್ ವ್ಯವಸ್ಥೆಯ ಬಗ್ಗೆ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದು ಸರ್ವರ್ ತನ್ನ ಗರಿಷ್ಠ ಹಿಟ್ ರೇಟಿನ ಶೇ. 90ಕ್ಕೆ ಮರಳಲು ಕೆಲವು ಗಂಟೆಗಳೇ ಬೇಕೆಂದೂ, ಡೇಟಾಬೇಸಿನ ಹೊರೆಯನ್ನು ಕಾಯ್ದುಕೊಳ್ಳಬೇಕಾದ್ದರಿಂದ ಒಂದು ಗುಂಪು ಸರ್ವರ್‌ಗಳ ಅಪ್‌ಗ್ರೇಡಿಗೆ 12 ಗಂಟೆಗೂ ಮೀರಿ ಹಿಡಿಯಬಹುದೆಂದೂ ಬರೆದಿದೆ. ರೀಸ್ಟಾರ್ಟ್ ಮುಗಿಯುವುದು ಪ್ರೋಸೆಸ್ ಎದ್ದು ಕೂತಾಗ ಅಲ್ಲ, ಹಲಗೆ ತುಂಬಿದಾಗ. ಹಾಗಾಗಿ ಮುಂದಿನ ನೋಡಿಗೆ ಕೈಹಾಕಲು ಕೇಳಬೇಕಾದ ಪ್ರಶ್ನೆ ಪಿಂಗ್ ಅಲ್ಲ. ಈ ನೋಡಿನ ಹಿಟ್ ರೇಟ್ ಅಕ್ಕಪಕ್ಕದವುಗಳ ಸಮೀಪಕ್ಕೆ ಬಂದಿದೆಯೇ, ಡೇಟಾಬೇಸ್ ಮೊದಲಿನ ಉಸಿರಾಟಕ್ಕೆ ಮರಳಿದೆಯೇ ಎಂಬುದು. ಈ ಎರಡನ್ನು ಕೇಳುವ ಸ್ಕ್ರಿಪ್ಟ್ ಬರೆಯಲು ಒಬ್ಬ ಎಂಜಿನಿಯರಿಗೆ ಒಂದು ವಾರವೂ ಬೇಡ. ಬರೆಯದಿರುವುದು ಕಷ್ಟದಿಂದಲ್ಲ, ಉದಾಸೀನದಿಂದ.

ಖಾಲಿಯಾಗುವುದಕ್ಕಿಂತ ಕೆಟ್ಟದ್ದೂ ಇದೆ. ರೆಡಿಸ್‌ನಲ್ಲಿ ಮಾಸ್ಟರ್ ನೋಡಿನ ಮಾಹಿತಿಯನ್ನು ರೆಪ್ಲಿಕಾ ಎಂಬ ಜೊತೆಗಾರ ಸದಾ ನಕಲು ಮಾಡಿಕೊಳ್ಳುತ್ತಿರುತ್ತದೆ. ಹಲವರು ವೇಗಕ್ಕಾಗಿ ಮಾಸ್ಟರಿನಲ್ಲಿ ಡಿಸ್ಕಿಗೆ ಬರೆಯುವುದನ್ನು ನಿಲ್ಲಿಸಿ, ‘ಹೇಗೂ ರೆಪ್ಲಿಕಾ ಇದೆಯಲ್ಲ’ ಎಂದುಕೊಳ್ಳುತ್ತಾರೆ. ಮಾಸ್ಟರ್ ಬೀಳುತ್ತದೆ. ಸಿಸ್ಟಂಡಿಯೋ ಕುಬರ್ನೆಟಿಸ್ಸೋ ಅದನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಎಬ್ಬಿಸಿಬಿಡುತ್ತದೆ. ಬೇರೆಯವರಿಗೆ ಅದು ಬಿದ್ದದ್ದೇ ತಿಳಿಯುವುದಿಲ್ಲ, ಹಾಗಾಗಿ ರೆಪ್ಲಿಕಾಗೆ ಪಟ್ಟ ಕಟ್ಟುವುದಿಲ್ಲ. ಎದ್ದ ಮಾಸ್ಟರ್ ಖಾಲಿ. ನಿಷ್ಠಾವಂತ ರೆಪ್ಲಿಕಾ ಆ ಖಾಲಿತನವನ್ನೇ ನಕಲು ಮಾಡಿಕೊಂಡು, ತನ್ನಲ್ಲಿದ್ದ ಒಳ್ಳೆಯ ಪ್ರತಿಯನ್ನೂ ಅಳಿಸಿಹಾಕುತ್ತದೆ. ಇದು ಊಹೆಯ ಅಪಾಯವಲ್ಲ. ರೆಡಿಸ್‌ನ ಅಧಿಕೃತ ಕೈಪಿಡಿಯೇ ಈ ಬಗ್ಗೆ ಎಚ್ಚರಿಸಿ, ಡಿಸ್ಕಿಗೆ ಬರೆಯದ ಮಾಸ್ಟರಿಗೆ ತಾನಾಗಿ ಏಳುವ ಸೌಲಭ್ಯ ಇರಕೂಡದು ಎನ್ನುತ್ತದೆ. ಕೈಪಿಡಿಯ ಆ ಪುಟ ಓದಿರುವವರು ಎಷ್ಟು ಮಂದಿಯೋ.

ಮದುವೆ ಪಂಕ್ತಿಯಲ್ಲಿ ಸಾರು ಬಡಿಸುತ್ತಿರುವವನು ಹೊರಗೆ ಹೋಗಬೇಕಾದರೆ ಬಕೀಟನ್ನು ಎಲೆಗಳ ನಡುವೆ ಕುಕ್ಕಿ ಹೋಗುವುದಿಲ್ಲ. ಪಕ್ಕದವನನ್ನು ಕರೆದು, ಎಲ್ಲಿವರೆಗೆ ಬಡಿಸಿದ್ದೇನೆಂದು ಹೇಳಿ, ಸೌಟು ಕೊಟ್ಟು ಹೋಗುತ್ತಾನೆ. ರೆಡಿಸ್ ಕ್ಲಸ್ಟರಿನಲ್ಲಿ ಇದಕ್ಕೆ ತಕ್ಕ ಆಜ್ಞೆಯೇ ಇದೆ, ಕ್ಲಸ್ಟರ್ ಫೇಲೋವರ್. ಅದನ್ನು ಮಾಸ್ಟರಿಗಲ್ಲ, ರೆಪ್ಲಿಕಾಗೆ ಕೊಡಬೇಕು. ರೆಪ್ಲಿಕಾ ಮಾಸ್ಟರನ್ನು ‘ಸ್ವಲ್ಪ ನಿಲ್ಲು’ ಎನ್ನುತ್ತದೆ. ಮಾಸ್ಟರ್ ಹೊಸ ಕೋರಿಕೆಗಳನ್ನು ತಡೆದು, ತಾನು ಎಲ್ಲಿವರೆಗೆ ಬರೆದಿದ್ದೇನೆಂಬ ಗುರುತನ್ನು ಕೊಡುತ್ತದೆ. ರೆಪ್ಲಿಕಾ ಆ ಗುರುತು ಮುಟ್ಟಿದ ಮೇಲೆಯೇ ಪಟ್ಟಕ್ಕೇರುತ್ತದೆ. ಆಮೇಲೆ ಹಳೆಯ ಮಾಸ್ಟರನ್ನು ನಿಲ್ಲಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇದನ್ನು ಬಿಟ್ಟು ‘ಕಿಲ್ ಮೈನಸ್ ನೈನ್’ ಹೊಡೆದರೆ, ನೋಡ್ ಸತ್ತಿರಬಹುದೆಂದು ಉಳಿದವು ಅನುಮಾನಿಸುವುದಕ್ಕೇ ಡೀಫಾಲ್ಟಿನಲ್ಲಿ 15 ಸೆಕೆಂಡ್ ಬೇಕು, ಆಮೇಲೆ ಮತದಾನ, ಆಮೇಲೆ ಪಟ್ಟಾಭಿಷೇಕ. ಒಟ್ಟು 16,384 ಸ್ಲಾಟ್‌ಗಳಲ್ಲಿ ಕೆಲವು ಅನಾಥವಾಗಿದ್ದರೂ ಇಡೀ ಕ್ಲಸ್ಟರ್ ಉತ್ತರ ಕೊಡುವುದನ್ನು ನಿಲ್ಲಿಸುವಂತೆ ಡೀಫಾಲ್ಟ್ ಸೆಟ್ಟಿಂಗ್ ಇದೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಮೃದುವಾಗಿ ನಿಲ್ಲಿಸಿದರೂ ಸಮಯ ಕೊಡದಿದ್ದರೆ ಅದು ಕೊಂದಂತೆಯೇ. ಕುಬರ್ನೆಟಿಸ್ ನೋಡಿಗೆ ‘ಹೊರಡು’ ಎಂಬ ಸಂಕೇತ ಕೊಟ್ಟು ಡೀಫಾಲ್ಟಿನಲ್ಲಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಕತ್ತು ಹಿಸುಕುತ್ತದೆ. ಹತ್ತಾರು ಜಿಬಿ ಮಾಹಿತಿಯನ್ನು ಡಿಸ್ಕಿಗಿಳಿಸುತ್ತಿರುವ ರೆಡಿಸ್‌ಗೆ ಆ 30 ಸಾಲದು. ಹೇಜಲ್‌ಕಾಸ್ಟ್‌ನಂಥ ವ್ಯವಸ್ಥೆಯಲ್ಲಿ ಮಾಹಿತಿ 271 ಭಾಗಗಳಾಗಿ ಹಂಚಿಕೊಂಡಿರುತ್ತದೆ, ಪ್ರತಿ ಭಾಗಕ್ಕೆ ಡೀಫಾಲ್ಟಿನಲ್ಲಿ ಒಂದೇ ಬ್ಯಾಕಪ್. ಮೊದಲನೆಯ ನೋಡಿನ ಭಾಗಗಳು ಬೇರೆಡೆ ನೆಲೆ ನಿಲ್ಲುವ ಮೊದಲೇ ಎರಡನೆಯದನ್ನು ಎಳೆದರೆ ಕೆಲವು ಭಾಗಗಳ ಎರಡೂ ಪ್ರತಿಗಳು ಹೋದವು. ಅವಸರಕ್ಕೆ ಇಲ್ಲೆಲ್ಲ ಬೆಲೆ ಇದೆ.

ಹಾಗಾದರೆ ನೋಡಿನ ಮಾಹಿತಿಯನ್ನು ಉಳಿಸಿಕೊಂಡೇ ಎಬ್ಬಿಸಿದರಾಗದೇ? ಆಗುತ್ತದೆ. ಫೇಸ್‌ಬುಕ್ ಹಂಚಿಕೆಯ ಮೆಮೊರಿಯಲ್ಲಿ ಮಾಹಿತಿ ಇಟ್ಟು ಪ್ರೋಸೆಸನ್ನು ಮಾತ್ರ ಬದಲಿಸುವ ದಾರಿ ಹುಡುಕಿತು. ಮೆಮ್‌ಕ್ಯಾಶ್‌ಡಿಯಲ್ಲೂ 2019ರ 1.5.18 ಆವೃತ್ತಿಯಿಂದ ಇಂಥದ್ದೊಂದು ಸೌಲಭ್ಯವಿದೆ. ಆದರೆ ನಿಂತಿದ್ದ ಆ ಕೆಲವು ಸೆಕೆಂಡುಗಳಲ್ಲಿ ಬಂದ ‘ಇದನ್ನು ಅಳಿಸು, ಬೆಲೆ ಬದಲಾಗಿದೆ’ ಎಂಬ ಸೂಚನೆಗಳು ನೋಡಿಗೆ ತಲುಪಿರುವುದಿಲ್ಲ. ಎದ್ದ ಮೇಲೆ ಅದು ಪೂರ್ಣ ವಿಶ್ವಾಸದಿಂದ ಹಳೆಯ ಬೆಲೆ ಹೇಳುತ್ತದೆ. ತಡವಾಗಿ ತೆರೆಯುವ ಪುಟವನ್ನು ಗಿರಾಕಿ ಕ್ಷಮಿಸಿಯಾನು, ವರ್ಗಾಯಿಸಿದ ದುಡ್ಡು ಇನ್ನೂ ತನ್ನ ಖಾತೆಯಲ್ಲೇ ಇದೆಯೆಂದು ತೋರಿಸುವ ಪುಟವನ್ನಲ್ಲ. ಸುದ್ದಿಯ ಶೀರ್ಷಿಕೆಗೆ ಈ ಉಪಾಯ ಸಾಕು. ಬಾಕಿ ಮೊತ್ತಕ್ಕೆ, ಸೀಟಿನ ಲಭ್ಯತೆಗೆ ತೊಳೆದು ಖಾಲಿ ಮಾಡಿಯೇ ಎಬ್ಬಿಸುವುದು ಒಳ್ಳೆಯದು, ಅದಕ್ಕೆ ತಗಲುವ ಹೊರೆಯನ್ನು ಮೊದಲೇ ಲೆಕ್ಕ ಹಾಕಿ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ತಪ್ಪು ರೂಢಿ ಎಂದರೆ ರೀಸ್ಟಾರ್ಟ್ ರಾತ್ರಿ ಎರಡಕ್ಕೇ ಆಗಬೇಕೆಂಬುದು. ದಟ್ಟಣೆ ಕಡಿಮೆ, ಆದ್ದರಿಂದ ಅಪಾಯ ಕಡಿಮೆ ಎನ್ನುತ್ತಾರೆ. ಆದರೆ ಕ್ಯಾಶ್ ತುಂಬುವುದೇ ದಟ್ಟಣೆಯಿಂದ. ರಾತ್ರಿ ಎಚ್ಚರವಿರುವವರು ಕೇಳುವ ಕೀಗಳೇ ಬೇರೆ, ಬೆಳಿಗ್ಗೆ ಒಂಬತ್ತಕ್ಕೆ ನುಗ್ಗುವವರು ಕೇಳುವವೇ ಬೇರೆ. ರಾತ್ರಿ ಖಾಲಿ ಮಾಡಿದ ಕ್ಲಸ್ಟರ್ ಬೆಳಗಿನವರೆಗೆ ಅರೆಹೊಟ್ಟೆಯಲ್ಲೇ ಇದ್ದು, ಅತಿ ಕೆಟ್ಟ ಗಳಿಗೆಯಲ್ಲಿ ಡೇಟಾಬೇಸಿನ ಮೇಲೆ ಹೊರೆ ಹಾಕುತ್ತದೆ. ತತ್ಕಾಲ್ ಟಿಕೆಟ್ ಬೆಳಿಗ್ಗೆ ಹತ್ತಕ್ಕೆ ಎ.ಸಿ.ಗೆ, ಹನ್ನೊಂದಕ್ಕೆ ಸ್ಲೀಪರಿಗೆ ತೆರೆಯುತ್ತದೆ. ಅಂಥ ನೂಕುನುಗ್ಗಲಿನ ಸೇವೆಯಲ್ಲಿ ರಾತ್ರಿಯ ಶಾಂತಿಯನ್ನು ನಂಬಿ ಹಲಗೆ ಖಾಲಿ ಮಾಡಿಟ್ಟವನಿಗೆ ಒಂಬತ್ತು ಐವತ್ತೊಂಬತ್ತರವರೆಗೂ ತನ್ನ ತಪ್ಪು ಕಾಣುವುದಿಲ್ಲ. ಇದರ ಜೊತೆಗೆ ರಾತ್ರಿ ಎರಡರಲ್ಲಿ ಆ ಕೆಲಸ ಮಾಡುತ್ತಿರುವುದು ಸಾಮಾನ್ಯವಾಗಿ ತಂಡದ ಅತಿ ಕಿರಿಯ, ಒಬ್ಬನೇ, ಅರೆನಿದ್ದೆಯಲ್ಲಿ. ಡೇಟಾಬೇಸಿನ ಹೊಣೆ ಹೊತ್ತವರ ಫೋನ್ ಮಂಚದ ಪಕ್ಕದಲ್ಲಿ ಮೌನವಾಗಿರುತ್ತದೆ. ಕೆಲಸದ ದಿನ, ದಟ್ಟಣೆ ನಡುಮಟ್ಟದಲ್ಲಿದ್ದು ಇಳಿಯತೊಡಗಿರುವ ಹೊತ್ತು, ಎಲ್ಲರೂ ಕುರ್ಚಿಯಲ್ಲಿರುವಾಗ ಒಂದೊಂದೇ ನೋಡ್ ನಿಲ್ಲಿಸುವುದು ಹೆಚ್ಚು ಸುರಕ್ಷಿತ. ಹಗಲಲ್ಲಿ ಒಂದು ನೋಡ್ ಹೋದರೆ ತಡೆಯಲಾರದ ವ್ಯವಸ್ಥೆ, ಅದು ಹಗಲಲ್ಲಿ ತಾನಾಗಿ ಸತ್ತಾಗಲೂ ತಡೆಯುವುದಿಲ್ಲ.

ಇದಕ್ಕೆ ದುಡ್ಡು ಬೇಕು ಎಂಬ ಆಕ್ಷೇಪ ಬರುತ್ತದೆ. ಫೇಸ್‌ಬುಕ್ ಬಿದ್ದ ಸರ್ವರ್‌ಗಳ ಕೆಲಸವನ್ನು ತಾತ್ಕಾಲಿಕವಾಗಿ ಹೊರಲು ಗಟರ್ ಎಂಬ ಮೀಸಲು ಗುಂಪು ಇಟ್ಟಿತ್ತು, ಅದು ಕ್ಲಸ್ಟರಿನ ಮೆಮ್‌ಕ್ಯಾಶ್ ಸರ್ವರ್‌ಗಳಲ್ಲಿ ಸುಮಾರು ಶೇ. 1. ನಿಜವಾದ ಉಳಿತಾಯ ಇನ್ನೊಂದು ಕಡೆ ಇದೆ. ಹತ್ತು ದೊಡ್ಡ ನೋಡ್‌ಗಳ ಬದಲು ನೂರು ಚಿಕ್ಕವಿದ್ದರೆ ಮೇಲಿನ ಲೆಕ್ಕದಲ್ಲಿ ಒಂದು ಹೋದಾಗ ಡೇಟಾಬೇಸಿಗೆ ಬರುವುದು 10,900 ಅಲ್ಲ, 1,990. ಹನ್ನೊಂದು ಪಟ್ಟು ಎರಡು ಪಟ್ಟಿಗಿಳಿಯಿತು, ಒಟ್ಟು ಮೆಮೊರಿ ಅಷ್ಟೇ. ನೋಡಿಕೊಳ್ಳಬೇಕಾದ ಯಂತ್ರಗಳು ಹೆಚ್ಚುತ್ತವೆ, ಸಂಪರ್ಕಗಳು ಹೆಚ್ಚುತ್ತವೆ, ಅದು ಸುಳ್ಳಲ್ಲ. ಆದರೂ ಖರೀದಿ ವಿಭಾಗದ ಅನುಕೂಲಕ್ಕಾಗಿ ದೈತ್ಯ ಯಂತ್ರಗಳನ್ನು ತರಿಸಿಕೊಂಡು ಅವುಗಳನ್ನು ಮುಟ್ಟಲು ಹೆದರುವುದಕ್ಕಿಂತ ಇದು ವಾಸಿ.

ಆ ಹೆದರಿಕೆಯ ಗುರುತು ಬಹಳ ಕಡೆ ಸಿಗುತ್ತದೆ. ಎರಡು ವರ್ಷ ನಿಲ್ಲದೆ ಓಡಿದ ನೋಡನ್ನು ಕೆಲವು ತಂಡಗಳು ಮನೆದೇವರಂತೆ ತೋರಿಸುತ್ತವೆ. ಎರಡು ವರ್ಷ ಓಡಿದೆ ಎಂದರೆ ಎರಡು ವರ್ಷದ ಭದ್ರತಾ ತಿದ್ದುಪಡಿಗಳು ಅದಕ್ಕೆ ಮುಟ್ಟಿಲ್ಲ, ಎರಡು ವರ್ಷದಲ್ಲಿ ಬದಲಾದ ಸಂರಚನೆಯಿಂದ ಅದು ಎದ್ದೇಳುತ್ತದೆಯೇ ಎಂದು ಯಾರೂ ನೋಡಿಲ್ಲ, ಅದನ್ನು ನಿಲ್ಲಿಸುವುದು ಹೇಗೆಂದು ತಿಳಿದಿದ್ದವರು ಬಹುಶಃ ಕೆಲಸ ಬಿಟ್ಟು ಹೋಗಿದ್ದಾರೆ. ತಿಂಗಳಿಗೊಮ್ಮೆಯಾದರೂ ಪ್ರತಿ ನೋಡನ್ನು ಬೇಕೆಂದೇ ನಿಲ್ಲಿಸಿ ಎಬ್ಬಿಸುವ ತಂಡಕ್ಕೆ ಈ ಭಯವಿರುವುದಿಲ್ಲ. ಅವರ ರನ್‌ಬುಕ್ಕಿನಲ್ಲಿ ಹೇಗೆ ಶುರುಮಾಡಬೇಕು ಎಂಬುದರ ಪಕ್ಕದಲ್ಲಿ ಯಾವಾಗ ನಿಲ್ಲಿಸಿಬಿಡಬೇಕು ಎಂಬುದೂ ಬರೆದಿರುತ್ತದೆ. ಡೇಟಾಬೇಸಿನ ಹೊರೆ ಇಂತಿಷ್ಟು ದಾಟಿದರೆ ಮುಂದಿನ ನೋಡನ್ನು ಮುಟ್ಟಬೇಡಿ, ಬಾಗಿಲಲ್ಲಿ ಜನರನ್ನು ಇಷ್ಟಿಷ್ಟೇ ಒಳಬಿಡಿ, ಇಂಥವರಿಗೆ ಫೋನ್ ಮಾಡಿ. ಈ ಮೂರು ಸಾಲುಗಳಿಲ್ಲದ ರನ್‌ಬುಕ್ಕನ್ನು ಕೈಗಿತ್ತು ಯಾರನ್ನೂ ರಾತ್ರಿ ಪಾಳಿಗೆ ಕೂರಿಸಬಾರದು. ಕೂರಿಸಿದ ಮೇಲೆ, ಮರುದಿನದ ಸಭೆಯಲ್ಲಿ ಅವನ ಹೆಸರನ್ನು ತಪ್ಪಿತಸ್ಥನ ಜಾಗದಲ್ಲಿ ಬರೆಯುವ ಹಕ್ಕೂ ಮೇಲಿನವರಿಗೆ ಇರುವುದಿಲ್ಲ.